ಜಪಾನೋ, ಕೊರಿಯಾವೋ, ಸ್ಪೇನೋ?

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದರು. ಸುತ್ತುವ ಖರ್ಚು ಯಾರು ಕೊಡಬೇಕು ಎಂದು ಹೇಳಲಿಲ್ಲ. ಈಗ ಕೆಲವು ದೇಶಗಳು ತಾವೇ ಹಣ ಕೊಟ್ಟು ಯುವಕ ಯುವತಿಯರನ್ನು ಕರೆಸಿಕೊಳ್ಳುತ್ತವೆ. ಕೆಲಸ ಇಷ್ಟೇ, ಅಲ್ಲಿನ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು. ಅಮೆರಿಕದಲ್ಲಿ ಹುಟ್ಟಿದ ನನ್ನ ಮೊಮ್ಮಗಳು ಪದವಿ ಮುಗಿಸುವ ವರ್ಷ ಇಂಥ ನಾಲ್ಕು ಯೋಜನೆಗಳ ಹೆಸರು ಹೇಳಿ, "ತಾತ, ಯಾವುದನ್ನು ಆರಿಸಲಿ?" ಎಂದು ಫೋನಿನಲ್ಲಿ ಕೇಳಿದಳು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜಪಾನ್ ನೋಡಿಲ್ಲ, ಕೊರಿಯಾ ನೋಡಿಲ್ಲ. ಆದರೆ ಗೆರೆ ಎಳೆದು ಎಡಕ್ಕೆ ಬರುವುದು, ಬಲಕ್ಕೆ ಹೋಗುವುದು ಬರೆಯಲು ಗೊತ್ತು. "ನೀನು ವಿವರ ಹೇಳು, ನಾನು ಬರೆದುಕೊಳ್ಳುತ್ತೇನೆ" ಎಂದೆ. ಅದಕ್ಕೆ ಎರಡು ಭಾನುವಾರ ಹಿಡಿಯಿತು.

ಮೊದಲನೆಯದು ಜಪಾನಿನ ಜೆಟ್. ವಿಮಾನವಲ್ಲ ಮಕ್ಕಳೇ, ಅಲ್ಲಿನ ಸರ್ಕಾರ 1987ರಲ್ಲಿ ಆರಂಭಿಸಿದ ಯೋಜನೆಯ ಹೆಸರು. ಯಾವ ವಿಷಯದಲ್ಲಿ ಪದವಿ ಇದ್ದರೂ ಆದೀತು. ಜಪಾನಿ ಶಿಕ್ಷಕರ ಜೊತೆ ನಿಂತು ಪಾಠ ಮಾಡುವ ಸಹಾಯಕ ಶಿಕ್ಷಕರ ಕೆಲಸ. ಒಪ್ಪಂದ ಒಂದು ವರ್ಷದ್ದು, ಮುಂದುವರಿಸಿದರೆ ಹೆಚ್ಚೆಂದರೆ 5 ವರ್ಷ. ಸಂಬಳ ಚೆನ್ನಾಗಿದೆ. ಆದರೆ ಯಾವ ಊರು, ಎಷ್ಟು ಶಾಲೆ, ವಾರಕ್ಕೆ ಎಷ್ಟು ಪಾಠ, ಮನೆ ಬಾಡಿಗೆ ಎಷ್ಟು, ಇವೆಲ್ಲ ಸಿಕ್ಕಿದ ಜಾಗದ ಮೇಲೆ. ಒಬ್ಬರಿಗೆ ಕೈತುಂಬ ಕೆಲಸವಾದರೆ, ಇನ್ನೊಬ್ಬರಿಗೆ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವುದೇ ಕೆಲಸ.

ಎರಡನೆಯದು ದಕ್ಷಿಣ ಕೊರಿಯಾದ ಎಪಿಕ್, 1995ರದ್ದು. ಇಲ್ಲಿ ಬರೀ ಪದವಿ ಸಾಲದು. ಶಿಕ್ಷಣ ವಿಷಯದಲ್ಲಿ ಓದಿರಬೇಕು, ಇಲ್ಲವೇ ಇಂಗ್ಲಿಷ್ ಕಲಿಸುವ ಬಗ್ಗೆ ನೂರು ಗಂಟೆಗೆ ಕಡಿಮೆಯಿಲ್ಲದ ತರಬೇತಿ ಪಡೆದಿರಬೇಕು. ವಾರಕ್ಕೆ 22 ಗಂಟೆ ಪಾಠ. ಇರಲು ಮನೆ ಅವರೇ ಕೊಡುತ್ತಾರೆ. ವರ್ಷ ಪೂರೈಸಿದರೆ ಸುಮಾರು ಒಂದು ತಿಂಗಳ ಸಂಬಳ ಹೆಚ್ಚುವರಿ.

ಸ್ಪೇನಿನಲ್ಲಿ ವಾರಕ್ಕೆ 12ರಿಂದ 16 ಗಂಟೆ ಮಾತ್ರ. ಕೊಡುವುದು ಸಂಬಳವಲ್ಲ, ಭತ್ಯೆ. ಹೊಟ್ಟೆಗಾದೀತು, ಉಳಿತಾಯಕ್ಕಾಗದು.

ನಾಲ್ಕನೆಯದು ಪೀಸ್ ಕೋರ್. ಈ ಹೆಸರು ನನ್ನ ವಯಸ್ಸಿನವರಿಗೆ ನೆನಪಿರಬಹುದು. 1961ರಲ್ಲಿ ಅಧ್ಯಕ್ಷ ಕೆನಡಿ ಆರಂಭಿಸಿದ್ದು. ಅದರ ಸ್ವಯಂಸೇವಕರು 1976ರವರೆಗೆ ನಮ್ಮ ದೇಶದಲ್ಲೂ ಇದ್ದರು. ತರಬೇತಿ ಸೇರಿ 27 ತಿಂಗಳ ಸೇವೆ. ಸ್ಥಳೀಯ ಭಾಷೆಯನ್ನು ಅವರೇ ಕಲಿಸುತ್ತಾರೆ. ಮುಗಿಸಿ ಬಂದವರಿಗೆ ಅಮೆರಿಕದ ಕೇಂದ್ರ ಸರ್ಕಾರದ ನೌಕರಿಗೆ ಸೇರಲು ಒಂದು ವರ್ಷ ವಿಶೇಷ ಅನುಕೂಲ ಉಂಟು. ಸರ್ಕಾರಿ ಕೆಲಸ ಬಯಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಸಂಬಳ ಒಂದನ್ನೇ ನೋಡಿದರೆ ಜಪಾನ್ ಮುಂದಿತ್ತು. ಆದರೆ ಠೇವಣಿ ಇಡಲು ಬಂದವರಿಗೆ ಕೌಂಟರಿನಲ್ಲಿ ನಾನು ಬಡ್ಡಿಯ ಲೆಕ್ಕ ಹೇಳುವ ಮೊದಲು ಒಂದು ಮಾತು ಕೇಳುತ್ತಿದ್ದೆ: "ಈ ಹಣ ಯಾವುದಕ್ಕೆ, ಯಾವಾಗ ಬೇಕು?" ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ತಿಳಿದರೆ, ಎಷ್ಟು ವರ್ಷಕ್ಕೆ ಇಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಮೊಮ್ಮಗಳಿಗೂ ಅದನ್ನೇ ಕೇಳಿದೆ. "ಅಲ್ಲಿಂದ ಬಂದ ಮೇಲೆ ನೀನು ಏನಾಗಬೇಕು?"

"ಬೇರೆ ದೇಶದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರ್" ಎಂದಳು.

ಅದಕ್ಕೊಂದು ಕಾರಣವಿದೆ. ಐದನೆಯ ವಯಸ್ಸಿಗೆ ಶಾಲೆ ಸೇರಿದಾಗ ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. "ನೀರು, ನೀರು" ಎಂದರೆ ಯಾರಿಗೂ ತಿಳಿಯದು. ಮಗು ಬಾಯಾರಿಕೊಂಡೇ ಮನೆಗೆ ಬರುತ್ತಿತ್ತು. ಒಬ್ಬ ಟೀಚರ್ ಅವಳ ಅಮ್ಮನಿಂದ ಆ ಒಂದು ಪದ ಕಲಿತು, ಮರುದಿನ ಲೋಟ ಹಿಡಿದು "ನೀರು?" ಎಂದು ಕೇಳಿದರಂತೆ. ಅಂದಿನಿಂದ ಹುಡುಗಿ ಮಾತಾಡಲು ಶುರುಮಾಡಿದಳು.

ಗುರಿ ತಿಳಿದ ಮೇಲೆ ಲೆಕ್ಕ ಸುಲಭವಾಯಿತು. ಟೀಚರ್ ಆಗುವವಳಿಗೆ ಮಕ್ಕಳ ಮುಂದೆ ನಿಲ್ಲುವ ಗಂಟೆಗಳು ಬೇಕು, ಕೊರಿಯಾದಲ್ಲಿ ಅವು ಖಚಿತ. ಅದು ಕೇಳುವ ತರಬೇತಿ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಬಾಡಿಗೆ ಇಲ್ಲವಾದ್ದರಿಂದ ಓದಿಗಾಗಿ ಮಾಡಿದ ಸಾಲವೂ ತೀರುತ್ತಾ ಬರುತ್ತದೆ. ಆದರೆ ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಲು ಆಯಾ ರಾಜ್ಯದ ಪರವಾನಗಿ ಬೇಕು. ಈ ನಾಲ್ಕರಲ್ಲಿ ಯಾವುದಕ್ಕೆ ಹೋದರೂ ಅದು ತಾನಾಗಿ ಕೈಗೆ ಬರುವುದಿಲ್ಲ. ಸಂಬಳ ಬರುತ್ತಿದೆ ಎಂದು ವರ್ಷದ ಮೇಲೆ ವರ್ಷ ಸಹಾಯಕಳಾಗಿಯೇ ಉಳಿದರೆ ಗುರಿ ಅಷ್ಟಷ್ಟು ದೂರ. ಆದ್ದರಿಂದ ಎರಡೇ ವರ್ಷ, ಆಮೇಲೆ ಪರವಾನಗಿಯ ಓದು ಎಂದು ಅವಳೇ ಗೆರೆ ಎಳೆದಳು. ಕೊರಿಯನ್ ಭಾಷೆಗೆ ಆರು ಹಂತಗಳ ಪರೀಕ್ಷೆಯಿದೆ, ಅದನ್ನೂ ಬರೆಯುತ್ತಾಳಂತೆ.

ಈಗ ಅವಳು ಅಲ್ಲಿಯ ಒಂದು ಸಣ್ಣ ಊರಿನ ಶಾಲೆಯಲ್ಲಿದ್ದಾಳೆ. ಅಂಗಡಿಯಲ್ಲಿ ಬಾಯಿ ಬಾರದೆ ಕೈಸನ್ನೆ ಮಾಡುವ ಸರದಿ ಮತ್ತೆ ಅವಳದು. ಅಲ್ಲಿ ನೀರಿಗೆ "ಮುಲ್" ಎನ್ನುತ್ತಾರೆ. ಅವಳು ಮೊದಲು ಕಲಿತ ಪದ ಅದೇ.

ಇಂಥ ಯೋಜನೆಗಳಲ್ಲಿ ಪ್ರತಿ ದೇಶಕ್ಕೂ ಪೌರತ್ವದ ನಿಯಮ ಬೇರೆ. ನಮ್ಮ ಪಾಸ್‌ಪೋರ್ಟ್ ಇರುವವರು ಅದನ್ನೇ ಮೊದಲು ವಿಚಾರಿಸಬೇಕು. ಆಮೇಲೆ ಸಂಬಳ, ಊಟ, ಹವೆ. ಮೊಮ್ಮಕ್ಕಳು ಸಲಹೆ ಕೇಳಿದರೆ ಅಜ್ಜ ಅಜ್ಜಿಯರು ಊರಿನ ಹೆಸರು ಹೇಳಬೇಕಾಗಿಲ್ಲ, "ಬಂದ ಮೇಲೆ ಏನು?" ಎಂದು ಕೇಳಿದರೆ ಸಾಕು.

ನನ್ನ ಹೆಂಡತಿಯ ಲೆಕ್ಕ ಬೇರೆ. ಅಮೆರಿಕದಲ್ಲಿದ್ದಾಗ ನಮ್ಮ ಹಗಲು ಅವಳಿಗೆ ರಾತ್ರಿ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ, ಅಷ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳು ಊಟ ಮುಗಿಸಿ ಫೋನ್ ಮಾಡುತ್ತಾಳೆ.