ಬಾಸ್ಟನ್ನಿನ ಹಸುರು ಗೋಡೆಯ ಅಂಗಳ

ಬಾಸ್ಟನ್ ನಗರವನ್ನು ಕಂಡುಬಂದ ನಮ್ಮವರು ಸಾಮಾನ್ಯವಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆವರಣವನ್ನೂ, 1773ರಲ್ಲಿ ಚಹಾದ ಪೆಟ್ಟಿಗೆಗಳನ್ನು ಕಡಲಿಗೆಸೆದ ಬಂದರನ್ನೂ, ಚಾರ್ಲ್ಸ್ ನದಿಯ ದಂಡೆಯನ್ನೂ ವರ್ಣಿಸುತ್ತಾರೆ. ಮಕ್ಕಳ ಮನೆಗೆಂದು ನಾಲ್ಕಾರು ತಿಂಗಳ ಮಟ್ಟಿಗೆ ಹೋಗುವ ಹಿರಿಯರಿಗೆ ಇಷ್ಟು ನೋಡುವುದರಲ್ಲಿಯೇ ರಜೆಯ ದಿನಗಳು ಮುಗಿದುಹೋಗುತ್ತವೆ. ಆದರೆ ಆ ಊರಿನವರು ಯಾವುದಕ್ಕಾಗಿ ನಗುತ್ತಾರೆ, ಯಾವುದಕ್ಕಾಗಿ ಕಣ್ಣೀರಿಡುತ್ತಾರೆ ಎಂಬುದನ್ನು ಅರಿಯಬೇಕೆನ್ನುವವರು ಕೆನ್‌ಮೋರ್ ಚೌಕದ ಬಳಿಯಿರುವ ಫೆನ್ವೇ ಪಾರ್ಕ್ ಎಂಬ ಕ್ರೀಡಾಂಗಣದಲ್ಲಿ ಒಂದು ಸಂಜೆಯನ್ನಾದರೂ ಕಳೆಯಬೇಕು. 2025ರ ಮೇ ತಿಂಗಳಿನಲ್ಲಿ ಮಗಳು ಅಳಿಯಂದಿರೊಡನೆ ನಮಗೆ ಅಂಥದೊಂದು ಸಂಜೆ ಒದಗಿತು.

ಇದು 1912ರ ಏಪ್ರಿಲ್ 20ರಂದು ತೆರೆದ ಅಂಗಳ. ಟೈಟಾನಿಕ್ ಹಡಗು ಮುಳುಗಿ ಆಗ ಐದೇ ದಿನಗಳಾಗಿದ್ದವು. ಅಮೆರಿಕದ ಮೇಜರ್ ಲೀಗ್ ತಂಡಗಳು ಈಗಲೂ ಬೇಸ್‌ಬಾಲ್ ಆಡುತ್ತಿರುವ ಕ್ರೀಡಾಂಗಣಗಳಲ್ಲಿ ಅತ್ಯಂತ ಹಳೆಯದು ಇದೇ. ಊರ ನಡುವೆ, ಬೀದಿಗಳು ಬಿಟ್ಟುಕೊಟ್ಟಷ್ಟೇ ನೆಲದಲ್ಲಿ ಕಟ್ಟಿದ್ದರಿಂದ ಇದರ ಆಕಾರ ಸೊಟ್ಟ. ಎಡಗಡೆಯಲ್ಲಿ ಲ್ಯಾನ್ಸ್‌ಡೌನ್ ಬೀದಿ ಅಡ್ಡ ಬಂದು, ದಾಂಡಿಗನ ನೆಲೆಯಿಂದ ಕೇವಲ 310 ಅಡಿಗಳಿಗೇ ಮೈದಾನ ಮುಗಿದುಬಿಡುತ್ತದೆ. ಆ ಕೊರತೆಯನ್ನು ಎತ್ತರದಿಂದ ತುಂಬಲೆಂಬಂತೆ ಅಲ್ಲಿ 37 ಅಡಿ 2 ಅಂಗುಲದ ಗೋಡೆಯೊಂದು ನಿಂತಿದೆ. ಮೊದಲು ಅದರ ಮೈತುಂಬ ಜಾಹೀರಾತುಗಳಿದ್ದವು. 1947ರಲ್ಲಿ ಹಸುರು ಬಣ್ಣ ಬಳಿದರು. ಅಂದಿನಿಂದ ಅದು ಹಸುರು ದೈತ್ಯ. ಗೋಡೆಯ ಬುಡದಲ್ಲಿರುವ ಅಂಕಫಲಕವನ್ನು ಇಂದಿಗೂ ಒಳಗೆ ಕುಳಿತ ಮನುಷ್ಯರೇ ಸಂಖ್ಯೆಯ ಹಲಗೆಗಳನ್ನು ಕೈಯಿಂದ ಸಿಕ್ಕಿಸಿ ನಡೆಸುತ್ತಾರೆ. ಕಂಪ್ಯೂಟರಿನ ತವರೆನಿಸಿದ ಊರಿನಲ್ಲಿ ಇದನ್ನು ಕಂಡು ನಮಗೆ ಹಿತವೆನಿಸಿತು.

ಗೋಡೆ ಬರಿಯ ಅಲಂಕಾರವಲ್ಲ, ಆಟವನ್ನೇ ಬದಲಿಸುವಂಥದು. ಬೇರೆ ಊರಿನಲ್ಲಿ ಸುಲಭವಾಗಿ ಕೈಸೇರಬಹುದಾದ ಎತ್ತರದ ಹೊಡೆತ ಇಲ್ಲಿ ಗೋಡೆಗೆ ತಾಗಿ ದಾಂಡಿಗನಿಗೆ ಎರಡು ನೆಲೆಗಳನ್ನು ದೊರಕಿಸಿಕೊಡುತ್ತದೆ. ಬೇರೆಡೆ ಮೈದಾನವನ್ನೇ ದಾಟಬಹುದಾದ ಬಿರುಸಿನ ಹೊಡೆತ ಇಲ್ಲಿ ಗೋಡೆಗೆ ಬಡಿದು ಮರಳಿ ಬರುತ್ತದೆ. ಆದುದರಿಂದ ಎಡಮೈದಾನದಲ್ಲಿ ನಿಲ್ಲುವವನಿಗೆ ಓಟದ ವೇಗಕ್ಕಿಂತ ಗೋಡೆಯ ಸ್ವಭಾವದ ಅರಿವೇ ಮುಖ್ಯ. ಟೆಡ್ ವಿಲಿಯಮ್ಸ್, ಕಾರ್ಲ್ ಯಸ್ಟ್ರೆಮ್ಸ್ಕಿ, ಜಿಮ್ ರೈಸ್ ಎಂಬ ಮೂವರು ಮಹಾ ಆಟಗಾರರು ಒಬ್ಬರ ಬಳಿಕ ಒಬ್ಬರಂತೆ ಆ ತಾಣವನ್ನು ಕಾಯ್ದರು. ವಿಲಿಯಮ್ಸ್ 1946ರಲ್ಲಿ ಬಲಗಡೆಗೆ ಹೊಡೆದ ಚೆಂಡೊಂದು 502 ಅಡಿ ದೂರ ಹೋಗಿ ಪ್ರೇಕ್ಷಕನೊಬ್ಬನ ಹುಲ್ಲಿನ ಟೊಪ್ಪಿಗೆಗೆ ಬಿದ್ದಿತಂತೆ. ಆ ಆಸನವೊಂದಕ್ಕೆ ಮಾತ್ರ ಕೆಂಪು ಬಣ್ಣ. ಸುತ್ತಲಿನ ಹಸುರು ಆಸನಗಳ ನಡುವೆ ಅದು ಹಣೆಯ ಕುಂಕುಮದಂತೆ ಕಾಣುತ್ತದೆ.

ನಮಗೆ ದೊರೆತ ಆಸನಗಳು 1934ರ ಕಾಲದ ಮರದವು, ಬಲು ಇಕ್ಕಟ್ಟು. ಎದುರಿಗೊಂದು ಉಕ್ಕಿನ ಕಂಬ. ಕಂಬದ ಆಚೆಗೆ ನಡೆಯುವುದನ್ನು ಕಾಣಲು ಕತ್ತನ್ನು ಹೊರಳಿಸುತ್ತಲೇ ಇರಬೇಕು. ಅದಕ್ಕೂ ಅಲ್ಲಿಯ ಜನ ಅಭಿಮಾನ ಪಡುತ್ತಾರೆ. ತಿನಿಸಿನ ವಿಷಯ ಹೇಳದಿದ್ದರೆ ನಮ್ಮ ಓದುಗ ತಾಯಂದಿರು ಒಪ್ಪಲಾರರು. ಎಲ್ಲೆಲ್ಲಿಯೂ ಮಾಂಸದ ಹಾಟ್‌ಡಾಗಿನದೇ ವಾಸನೆ. ಆದರೂ ಸಿಪ್ಪೆಸಹಿತ ಹುರಿದ ಶೇಂಗಾ, ಜೋಳದ ಅರಳು, ಉಪ್ಪು ಹಾಕಿದ ಪ್ರೆಟ್ಜೆಲ್ ಎಂಬ ರೊಟ್ಟಿ, ಇಷ್ಟರಿಂದ ಶಾಕಾಹಾರಿಯ ಹೊಟ್ಟೆ ತುಂಬುತ್ತದೆ. ಶೇಂಗಾದ ಸಿಪ್ಪೆಯನ್ನು ಕಾಲಬುಡದಲ್ಲಿಯೇ ಚೆಲ್ಲುವುದು ಅಲ್ಲಿಯ ವಾಡಿಕೆ. ಕಸದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಜನ ಇಲ್ಲಿ ಜಾತ್ರೆಯ ಜನರಂತೆ ಆಗಿಬಿಡುತ್ತಾರೆ.

ಆಟದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಒಂದು ತಂಡದಲ್ಲಿ ಮೈದಾನಕ್ಕಿಳಿಯುವವರು ಒಂಬತ್ತು ಮಂದಿ. ಬೇಸ್ ಎಂದರೆ ನೆಲೆ. ಚೌಕದ ಮೂಲೆಗಳಂತಿರುವ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ನಮ್ಮ ಕ್ರಿಕೆಟ್ಟಿನಲ್ಲಿ ನಾಯಕನು ಆಟದ ನಡುವೆಯೇ ದಾಂಡಿಗರ ಕ್ರಮವನ್ನು ಹಿಂದುಮುಂದು ಮಾಡಬಲ್ಲ. ಇಲ್ಲಿ ಪಂದ್ಯಕ್ಕೆ ಮೊದಲೇ ಒಂಬತ್ತು ಹೆಸರುಗಳ ಸಾಲನ್ನು ಬರೆದುಕೊಡಬೇಕು. ಆ ಸಾಲು ಕದಲುವಂತಿಲ್ಲ, ಒಮ್ಮೆ ಹೊರಗೆ ಕರೆಸಿದವನು ಆ ದಿನ ಮರಳಿ ಬರುವಂತಿಲ್ಲ. ಮೈದಾನದ ಪ್ರತಿಯೊಂದು ಸ್ಥಾನಕ್ಕೂ ಒಂದು ಸಂಖ್ಯೆಯುಂಟು. ಚೆಂಡೆಸೆಯುವವನು 1, ಅದನ್ನು ಹಿಡಿಯುವವನು 2, ಮೊದಲ ನೆಲೆಯವನು 3, ಎರಡನೆಯ ನೆಲೆಯವನು 4, ಮೂರನೆಯ ನೆಲೆಯವನು 5, ಎರಡು ಮೂರರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಮೈದಾನದ ಮೂವರು 7, 8, 9. ಹಳೆಯ ಅಭಿಮಾನಿಗಳು ತೊಡೆಯ ಮೇಲೊಂದು ಕಾಗದವಿಟ್ಟುಕೊಂಡು ಈ ಸಂಖ್ಯೆಗಳಿಂದ ಇಡಿಯ ಪಂದ್ಯವನ್ನು ಬರೆದಿಡುತ್ತಾರೆ. ಅಜ್ಜಂದಿರು ಮೊಮ್ಮಕ್ಕಳಿಗೆ ಇದನ್ನು ಕಲಿಸುವ ಬಗೆ ನಮ್ಮಲ್ಲಿ ಮಗ್ಗಿ ಹೇಳಿಕೊಡುವುದನ್ನು ನೆನಪಿಗೆ ತರುವಂತಿದೆ.

ನಮ್ಮ ಹಿಂದಿನ ಸಾಲಿನಲ್ಲಿ ಅಂಥ ಒಬ್ಬ ವೃದ್ಧರೂ ಕಾಲೇಜು ಓದುವ ಅವರ ಮೊಮ್ಮಗಳೂ ಕುಳಿತಿದ್ದರು. ಪಂದ್ಯ ಆರಂಭವಾಗುವುದಕ್ಕೂ ಮೊದಲೇ ಅವರಲ್ಲಿ ವಾದ ಹತ್ತಿತ್ತು. ಸುತ್ತಲಿನ ಅಪರಿಚಿತರೂ ಅದರಲ್ಲಿ ಕೂಡಿಕೊಂಡರು. ವಾದವೆಲ್ಲ ಒಬ್ಬ ಮನುಷ್ಯ ಎಲ್ಲಿ ನಿಲ್ಲಬೇಕು ಎಂಬುದನ್ನು ಕುರಿತು.

ಆ ಮನುಷ್ಯ ರಫೇಲ್ ಡೆವರ್ಸ್. ಡೊಮಿನಿಕನ್ ಗಣರಾಜ್ಯದಿಂದ ಬಂದು 2017ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ಮೂರನೆಯ ನೆಲೆಗೆ ನಿಂತವನು. 2018ರಲ್ಲಿ ತಂಡ ವಿಶ್ವ ಸರಣಿಯನ್ನು ಗೆದ್ದಾಗಲೂ ಅಲ್ಲಿಯೇ ನಿಂತವನು. 2023ರ ಜನವರಿಯಲ್ಲಿ ತಂಡದವರು ಅವನೊಡನೆ ಹತ್ತು ವರ್ಷಗಳಿಗೆ 31 ಕೋಟಿ 35 ಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡರು. ಆದರೆ 2025ರ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್ಮನ್ ಎಂಬ ಇನ್ನೊಬ್ಬ ಹೆಸರಾಂತ ಆಟಗಾರನನ್ನು ಕರೆತಂದು ಮೂರನೆಯ ನೆಲೆಯನ್ನು ಅವನಿಗೆ ವಹಿಸಿದರು. ಡೆವರ್ಸ್ ಮೊದಲು ಒಪ್ಪಲಿಲ್ಲ, ಬಳಿಕ ಒಪ್ಪಿ ನಿಯೋಜಿತ ದಾಂಡಿಗನಾದ. ಅಂದರೆ ಸರದಿ ಬಂದಾಗ ದಾಂಡು ಬೀಸುವುದು, ಉಳಿದ ಹೊತ್ತು ಒಳಗೆ ಕುಳಿತಿರುವುದು. ಚೆಂಡೆಸೆಯುವವನ ಬದಲಿಗೆ ದಾಂಡು ಹಿಡಿಯುವ ಈ ಹುದ್ದೆಯನ್ನು ಅಮೆರಿಕನ್ ಲೀಗ್ ಜಾರಿಗೆ ತಂದದ್ದು 1973ರಲ್ಲಿ. ಮೊಟ್ಟಮೊದಲ ನಿಯೋಜಿತ ದಾಂಡಿಗ, ನ್ಯೂಯಾರ್ಕ್ ಯಾಂಕೀಸ್ ತಂಡದ ರಾನ್ ಬ್ಲೂಮ್‌ಬರ್ಗ್, ಆ ವರ್ಷದ ಏಪ್ರಿಲ್ 6ರಂದು ದಾಂಡು ಹಿಡಿದು ನಿಂತದ್ದು ಇದೇ ಫೆನ್ವೇಯ ನೆಲದಲ್ಲಿ. ಡೆವರ್ಸನಿಗೆ ಹೊಸ ಋತುವಿನ ಮೊದಲ ಐದು ಪಂದ್ಯಗಳಲ್ಲಿ ಒಂದು ಹೊಡೆತವೂ ಕೂಡಿಬರಲಿಲ್ಲ. ಆಮೇಲೆ ಕೈ ಕುದುರಿತು. ಅಷ್ಟರಲ್ಲಿ ಮೇ 2ರಂದು ಮೊದಲ ನೆಲೆಯ ಟ್ರಿಸ್ಟನ್ ಕ್ಯಾಸಸ್ ಓಡುವಾಗ ಎಡಮೊಳಕಾಲಿನ ಸ್ನಾಯುಬಂಧ ಹರಿದು ಬಿದ್ದ. ತಂಡದ ಮುಖ್ಯಾಧಿಕಾರಿ ಕ್ರೇಗ್ ಬ್ರೆಸ್ಲೋ, ಮೊದಲ ನೆಲೆಯಲ್ಲಿ ನಿಲ್ಲಬಲ್ಲೆಯಾ ಎಂದು ಡೆವರ್ಸನನ್ನು ಕೇಳಿದರು. ಅವನು ಒಲ್ಲೆನೆಂದ, ಅದನ್ನು ಪತ್ರಕರ್ತರ ಮುಂದೆಯೂ ಹೇಳಿದ. ತಂಡದ ಒಡೆಯ ಜಾನ್ ಹೆನ್ರಿ ಸ್ವತಃ ವಿಮಾನವೇರಿ ಕ್ಯಾನ್ಸಸ್ ನಗರಕ್ಕೆ ಹೋಗಿ ಅವನೊಡನೆ ಮಾತನಾಡಬೇಕಾಯಿತು. ಇದೆಲ್ಲ ಆಗಿ ಕೆಲವೇ ದಿನಗಳಾಗಿದ್ದವು.

"ನಿಲ್ಲು ಎಂದ ಕಡೆ ನಿಲ್ಲಬೇಕು. ತಂಡದ ಅನ್ನ ತಿನ್ನುವುದಿಲ್ಲವೇ?" ಎಂದರು ವೃದ್ಧರು. ಅಳಿಯಂದಿರು ಮೆಲ್ಲನೆ ನಮಗೆ ಕನ್ನಡದಲ್ಲಿ ತಿಳಿಸುತ್ತಿದ್ದರು.

"ಅಜ್ಜ, ಕೈಗವಸನ್ನು ತೆಗೆದಿಡು ಎಂದವರೂ ಅವರೇ, ಈಗ ತೊಟ್ಟುಕೋ ಎನ್ನುವವರೂ ಅವರೇ. ಅವರ ಮಾತಿಗೆ ಎರಡು ತಿಂಗಳ ಆಯುಷ್ಯವೂ ಇಲ್ಲವೇ?" ಎಂದಳು ಮೊಮ್ಮಗಳು.

ವೃದ್ಧರು ಯಸ್ಟ್ರೆಮ್ಸ್ಕಿಯನ್ನು ಸಾಕ್ಷಿಗೆ ಕರೆದರು. ಅದು ಬಲವಾದ ಸಾಕ್ಷಿಯೇ. 1967ರಲ್ಲಿ ಸೋಲಿನಲ್ಲಿಯೇ ಬಿದ್ದಿದ್ದ ತಂಡವನ್ನು ಎತ್ತಿ ನಿಲ್ಲಿಸಿದ ಆ ಮಹಾನುಭಾವ, ಎಡಮೈದಾನದಲ್ಲಿ ತನ್ನನ್ನು ಮೀರಿಸುವವರಿಲ್ಲದಿದ್ದರೂ 1970ರ ದಶಕದಲ್ಲಿ ಎಷ್ಟೋ ಪಂದ್ಯಗಳಲ್ಲಿ ಮೊದಲ ನೆಲೆಯಲ್ಲಿ ನಿಂತ. ಪಕ್ಕದ ಸಾಲಿನವರೊಬ್ಬರು ಮೂಕಿ ಬೆಟ್ಸನ ಹೆಸರೆತ್ತಿದರು. ಬಲಮೈದಾನದ ಆ ಅಪ್ರತಿಮ ಆಟಗಾರ ಈಗ ಲಾಸ್ ಏಂಜಲಿಸ್ ಡಾಜರ್ಸ್ ತಂಡಕ್ಕಾಗಿ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ನಿಲ್ಲುತ್ತಿಲ್ಲವೇ ಎಂಬುದು ಅವರ ಪ್ರಶ್ನೆ. ಬೆಟ್ಸನ ಹೆಸರು ಬಂದೊಡನೆ ವಾದದ ದಿಕ್ಕೇ ತಿರುಗಿತು. 2020ರ ಫೆಬ್ರವರಿಯಲ್ಲಿ ಅವನನ್ನು ಬಿಟ್ಟುಕೊಟ್ಟದ್ದು ಬಾಸ್ಟನ್ನಿನ ಜನರಿಗೆ ಇನ್ನೂ ಮಾಯದ ಗಾಯ. ಹೋದವನು ಆ ವರ್ಷವೇ ಲಾಸ್ ಏಂಜಲಿಸಿಗೆ ವಿಶ್ವ ಸರಣಿಯನ್ನು ಗೆದ್ದುಕೊಟ್ಟ. ಅದಕ್ಕೆ ವೃದ್ಧರು 2004ನ್ನು ಎದುರಿಟ್ಟರು. ಬೇಬ್ ರೂಥನನ್ನು ಯಾಂಕೀಸಿಗೆ ಮಾರಿದ ಪಾಪವೆಂದು ಜನ ಆಡಿಕೊಳ್ಳುತ್ತಿದ್ದ 86 ವರ್ಷಗಳ ಬರಗಾಲ ಕೊನೆಗೊಂಡದ್ದು ಆ ವರ್ಷ. ಊರಿನ ಕಣ್ಮಣಿಯಾಗಿದ್ದ ನೋಮಾರ್ ಗಾರ್ಸಿಯಾಪಾರಾನನ್ನು ಅದೇ ಜುಲೈ 31ರಂದು ಕಳುಹಿಸಿಕೊಟ್ಟಿದ್ದರು. ಅಕ್ಟೋಬರಿನಲ್ಲಿ ಗೆಲುವು ಬಂದಿತು. ಇತಿಹಾಸ ಅಲ್ಲಿ ಎರಡು ಪಕ್ಷಕ್ಕೂ ಕೈತುಂಬ ಸಾಕ್ಷಿ ಕೊಡುತ್ತದೆ.

ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ಕೇಳಿ ಬೆಳೆದ ನಮ್ಮ ಮನೆತನಗಳವರಿಗೆ ವೃದ್ಧರ ಪಕ್ಷವೇ ಸರಿಯೆಂದು ಮೇಲುನೋಟಕ್ಕೆ ತೋರಬಹುದು. ಮೂರಾದರೇನು, ಒಂದಾದರೇನು? ಆದರೆ ಯಾವ ಕೆಲಸವೂ ಕೀಳಲ್ಲವೆಂದು ಕೆಲಸಗಾರ ತಾನೇ ಹೇಳಿಕೊಳ್ಳುವುದು ಬೇರೆ, ಒಡೆಯ ಅವನಿಗೆ ಹೇಳುವುದು ಬೇರೆ. ಡೆವರ್ಸನ ಮುನಿಸಿನಲ್ಲಿ ಅಹಂಕಾರವಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಷ್ಟು ಹಣ ಪಡೆಯುವವನು ಕಷ್ಟಕಾಲದಲ್ಲಿ ಹೆಗಲು ಕೊಡಬೇಕಿತ್ತು. ಆದರೂ ಎಂಟು ವರ್ಷ ನಿಂತು ತನ್ನದಾಗಿಸಿಕೊಂಡ ನೆಲೆಯಿಂದ ಎಬ್ಬಿಸಿದ ಬಗೆ ಸರಿಯಾಗಿರಲಿಲ್ಲವೆಂಬ ಆ ಹುಡುಗಿಯ ಮಾತಿಗೆ ನಮ್ಮ ಮನ ಹೆಚ್ಚು ಒಲಿಯಿತು. ಮೊದಲ ನೆಲೆಯೇನೂ ಸೋಮಾರಿಯ ತಾಣವಲ್ಲ. ನಾಲ್ಕು ಕಡೆಯಿಂದ ಬರುವ ಎಸೆತಗಳನ್ನು ಒಂದು ಕಾಲನ್ನು ನೆಲೆಯ ಮೇಲಿರಿಸಿಯೇ ಹಿಡಿಯಬೇಕು. ಋತುವಿನ ನಡುವೆ, ಸಾವಿರಾರು ಕಣ್ಣುಗಳ ಮುಂದೆ ಅದನ್ನು ಹೊಸದಾಗಿ ಕಲಿಯಬೇಕು.

ಯಾರು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಈ ಅಂಗಳದಲ್ಲಿ ಇನ್ನೂ ಹಳೆಯ, ಇನ್ನೂ ಕಹಿಯಾದ ಅಧ್ಯಾಯವೊಂದಿದೆ. ಆಗಿನ ಪ್ರಶ್ನೆ ಯಾರು ಇಲ್ಲಿ ನಿಲ್ಲಲೇಬಾರದು ಎಂಬುದಾಗಿತ್ತು. 1945ರ ಏಪ್ರಿಲ್ 16ರಂದು ಜಾಕಿ ರಾಬಿನ್ಸನ್, ಸ್ಯಾಮ್ ಜೆತ್ರೋ, ಮಾರ್ವಿನ್ ವಿಲಿಯಮ್ಸ್ ಎಂಬ ಮೂವರು ಕಪ್ಪು ಜನಾಂಗದ ಆಟಗಾರರನ್ನು ಇಲ್ಲಿಗೆ ಕರೆಸಿ ಪರೀಕ್ಷಿಸಿದರು. ನಗರಸಭೆಯ ಸದಸ್ಯ ಇಸಡೋರ್ ಮಚ್ನಿಕ್ ಒತ್ತಾಯ ಮಾಡಿದ್ದರಿಂದ ನಡೆದ ಪರೀಕ್ಷೆ ಅದು. ಮೂವರನ್ನೂ ತಂಡ ಸೇರಿಸಿಕೊಳ್ಳಲಿಲ್ಲ. ಎರಡು ವರ್ಷಗಳ ತರುವಾಯ ಬ್ರೂಕ್ಲಿನ್ ತಂಡದಿಂದ ಮೈದಾನಕ್ಕಿಳಿದು ಅಮೆರಿಕದ ಚರಿತ್ರೆಯನ್ನೇ ತಿರುಗಿಸಿದ ರಾಬಿನ್ಸನ್ ಅಂದು ನಿಂತದ್ದು ಮೊದಲ ನೆಲೆಯಲ್ಲಿ! ಅದು ಅವನು ಆಡಿ ಬೆಳೆದ ಸ್ಥಾನವಾಗಿರಲಿಲ್ಲ. ಜೆತ್ರೋ ಇದೇ ಊರಿನ ಇನ್ನೊಂದು ತಂಡವಾಗಿದ್ದ ಬ್ರೇವ್ಸ್ ಸೇರಿ 1950ರಲ್ಲಿ ನ್ಯಾಷನಲ್ ಲೀಗಿನ ಶ್ರೇಷ್ಠ ಹೊಸ ಆಟಗಾರನೆನಿಸಿದ. ರೆಡ್ ಸಾಕ್ಸ್ ತನ್ನ ಬಾಗಿಲನ್ನು ತೆರೆದದ್ದು ಪಂಪ್ಸಿ ಗ್ರೀನ್ ಬಂದ 1959ರಲ್ಲಿ. ಹದಿನಾರು ತಂಡಗಳಲ್ಲಿ ಕಟ್ಟಕಡೆಯದು. ಆ ಕಾಲದ ಒಡೆಯ ಟಾಮ್ ಯಾಕಿ. ಅವನ ಹೆಸರನ್ನು ಹೊತ್ತಿದ್ದ ಹೊರಗಿನ ಬೀದಿಗೆ, ಈಗಿನ ಒಡೆಯರ ಮನವಿಯಂತೆ, 2018ರಲ್ಲಿ ಜರ್ಸಿ ಬೀದಿಯೆಂಬ ಹಳೆಯ ಹೆಸರನ್ನೇ ಮರಳಿ ಇಟ್ಟರು. ಆದರೆ ಅಂಕಫಲಕದ ಬಿಳಿಯ ಗೆರೆಗಳಲ್ಲಿ ತಂತಿಭಾಷೆಯ ಚುಕ್ಕೆ ಗೆರೆಗಳಾಗಿ ಅವನ ಮತ್ತು ಅವನ ಪತ್ನಿಯ ಹೆಸರಿನ ಮೊದಲಕ್ಷರಗಳನ್ನು ಬರೆಯಿಸಿದ್ದುಂಟು. ಹೇಳಿಕೊಟ್ಟವರಿಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ನಾವು ನೋಡಿದ ಪಂದ್ಯದ ವಿವರ ಇಲ್ಲಿ ಬೇಡ. ಏಳನೆಯ ಸರದಿಯ ನಡುವೆ ಎಲ್ಲರೂ ಎದ್ದು ಮೈಮುರಿದು ಹಾಡುತ್ತಾರೆ. ಎಂಟನೆಯದರಲ್ಲಿ ನೀಲ್ ಡೈಮಂಡನ ಹಾಡೊಂದಕ್ಕೆ ಇಡೀ ಅಂಗಳ ದನಿಗೂಡಿಸುತ್ತದೆ. ಆಗ ಜಗಳವಾಡುತ್ತಿದ್ದ ಅಜ್ಜ ಮೊಮ್ಮಗಳು ಹೆಗಲ ಮೇಲೆ ಕೈಯಿಟ್ಟುಕೊಂಡು ಹಾಡಿದರು. ಹಾಡು ಮುಗಿದೊಡನೆ ಮೊದಲ ನೆಲೆಯ ಮಾತು ಮತ್ತೆ ಎದ್ದಿತು.

ಮುಂದೆ ನಡೆದುದನ್ನು ಪತ್ರಿಕೆಗಳಲ್ಲಿ ಓದಿದೆವು. ಮೇ 23ರಂದು ಬ್ರೆಗ್ಮನ್ ತೊಡೆಯ ಸ್ನಾಯು ಹಿಡಿದು ಹೊರಬಿದ್ದ. ಮೂರನೆಯ ನೆಲೆ ತೆರವಾದರೂ ಅದನ್ನು ಡೆವರ್ಸನಿಗೆ ಮರಳಿ ಕೊಡಲಿಲ್ಲ. ಮಾರ್ಸೆಲೋ ಮೇಯರ್ ಎಂಬ ಹೊಸ ಹುಡುಗನನ್ನು ಕರೆಸಿದರು. ಜೂನ್ 15ರ ಭಾನುವಾರ ಯಾಂಕೀಸ್ ತಂಡವನ್ನು ಸತತ ಮೂರನೆಯ ದಿನವೂ ಇದೇ ಅಂಗಳದಲ್ಲಿ ಸೋಲಿಸಿದರು. ಡೆವರ್ಸ್ ಅಂದು ಒಂದು ಹೋಮ್ ರನ್ ಬಾರಿಸಿದ. ಊರಿಗೆ ಊರೇ ಹಬ್ಬ ಮಾಡುತ್ತಿದ್ದ ಆ ಸಂಜೆಯೇ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ಜಯಂಟ್ಸ್ ತಂಡಕ್ಕೆ ಬಿಟ್ಟುಕೊಟ್ಟ ಸುದ್ದಿ ಹೊರಬಿತ್ತು. ಬಾಸ್ಟನ್ ಆ ವರ್ಷ ಅಂತಿಮ ಘಟ್ಟದ ಪಂದ್ಯಗಳಿಗೇನೋ ಏರಿತು, ಮೊದಲ ಸುತ್ತಿನಲ್ಲಿಯೇ ಅದೇ ಯಾಂಕೀಸಿಗೆ ಸೋತಿತು. ಮೊದಲ ನೆಲೆಗೆ ಋತುವಿನ ಕೊನೆಯವರೆಗೂ ಒಬ್ಬರಾದ ಮೇಲೊಬ್ಬರು ಬಂದುಹೋದರು. ಡೆವರ್ಸ್ ಜುಲೈ 22ರಂದು ಸ್ಯಾನ್ ಫ್ರಾನ್ಸಿಸ್ಕೋ ತಂಡದ ಪರವಾಗಿ ಕೈಗವಸು ತೊಟ್ಟು ಮೈದಾನಕ್ಕಿಳಿದ, ಮೊದಲ ನೆಲೆಗೇ. ಹಿಂದಿನ ಸಾಲಿನ ಆ ಇಬ್ಬರು ಈ ಸುದ್ದಿಯನ್ನು ಓದಿ ತಂತಮ್ಮ ವಾದಕ್ಕೇ ಸಾಕ್ಷಿ ದೊರೆಯಿತೆಂದು ಹಿಗ್ಗಿರಬೇಕು.

ಹೋಗಬಯಸುವವರಿಗೆ ಎರಡು ಮಾತು. ನಗರ ರೈಲಿನ ಹಸುರು ಮಾರ್ಗದಲ್ಲಿ ಕೆನ್‌ಮೋರ್ ನಿಲ್ದಾಣಕ್ಕೆ ಇಳಿದರೆ ಕೆಲವೇ ನಿಮಿಷಗಳ ನಡಿಗೆ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಶಾಲು, ಸ್ವೆಟರು ಇರಲೇಬೇಕು. ಪಂದ್ಯದ ಟಿಕೆಟ್ಟಿನ ಬೆಲೆ ಹೆಚ್ಚೆನಿಸಿದರೆ ಹಗಲಿನಲ್ಲಿ ಮಾರ್ಗದರ್ಶಕರೊಡನೆ ಅಂಗಳವನ್ನು ಸುತ್ತಿ ನೋಡುವ ಏರ್ಪಾಡಿದೆ. ಹಸುರು ಗೋಡೆಯ ನೆತ್ತಿಯ ಮೇಲೆ 2003ರಲ್ಲಿ ಆಸನಗಳನ್ನು ಹಾಕಿದ್ದಾರೆ. ಅಲ್ಲಿಂದ ನೋಡುವಾಗ ಎದುರಿಗೆ ಯಾವ ಕಂಬವೂ ಅಡ್ಡ ಬರುವುದಿಲ್ಲ.