ಹಕ್ಕಲು ಆಯುವವರ ಪಾಲು

ಲಗ್ಗೆರೆಯಲ್ಲಿ ಭಾನುವಾರ ಕೊಂಚ ತಡವಾಗಿ ಬೆಳಗಾಗುತ್ತದೆ. ಉಳಿದ ಆರು ದಿನ ಬೆಳಿಗ್ಗೆ ಎಂಟರೊಳಗೆ ಪೀಣ್ಯದ ಕಡೆಗೆ ಹೆಂಗಸರ ಸಾಲು ಹೊರಟುಬಿಟ್ಟಿರುತ್ತದೆ. ಹೆಗಲಲ್ಲಿ ಬ್ಯಾಗು, ಅದರಲ್ಲಿ ಊಟದ ಡಬ್ಬಿ, ಕೊರಳಲ್ಲಿ ಫ್ಯಾಕ್ಟರಿ ಕಾರ್ಡು. ಗೇಟು ಮುಚ್ಚುವ ಭಯಕ್ಕೆ ಅರ್ಧ ನಡಿಗೆ, ಅರ್ಧ ಓಟ. ಭಾನುವಾರ ಆ ಸಾಲು ಇರುವುದಿಲ್ಲ. ಮಟನ್ ಅಂಗಡಿ ಮುಂದೆ ಗಂಡಸರು ನಿಂತಿರುತ್ತಾರೆ, ಮಹಡಿಗಳ ಮೇಲೆ ವಾರದ ಬಟ್ಟೆಯೆಲ್ಲ ಒಟ್ಟಿಗೆ ಒಣಗುತ್ತಿರುತ್ತದೆ, ಮಕ್ಕಳ ತಲೆಗೆ ಎಣ್ಣೆ ಬೀಳುವುದೂ ಅವತ್ತೇ. ನಮ್ಮ ಕ್ರೈಸ್ತ ಸಭೆ ಕೂಡುವುದು ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಬಾಡಿಗೆ ಹಾಲ್‌ನಲ್ಲಿ. ಬರುವ ಹೆಂಗಸರಲ್ಲಿ ಮುಕ್ಕಾಲು ಪಾಲು ಗಾರ್ಮೆಂಟ್ಸ್‌ನವರು: ಟೈಲರ್‌ಗಳು, ಹೆಲ್ಪರ್‌ಗಳು, ಚೆಕ್ಕಿಂಗ್‌ನವರು. ಶಿಪ್‌ಮೆಂಟ್ ಇರುವ ವಾರ ಅವರು ಕೂರುವ ಕಡೆ ಚಾಪೆಗಳು ಖಾಲಿ ಉಳಿಯುತ್ತವೆ.

ಒಂದು ಸಲ ಆರಾಧನೆ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ಕುಣಿಗಲ್ ಕಡೆಯ ಒಬ್ಬ ತಂಗಿ ಹತ್ತಿರ ಬಂದಳು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ ಅವಳದು. ಎಡಗೈ ತೋರುಬೆರಳಿನ ಉಗುರಿನಲ್ಲಿ ಹಿಂದೆಂದೋ ಸೂಜಿ ಇಳಿದ ಕಪ್ಪು ಚುಕ್ಕೆ ಹಾಗೇ ಉಳಿದಿದೆ. “ಅಣ್ಣ, ಹೋದ ಭಾನುವಾರ ಓವರ್‌ಟೈಮಿಗೆ ಹೋಗಿದ್ದೆ. ಅದು ಪಾಪವಾ?” ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು: “ಹೋಗದಿದ್ರೆ ಸೋಮವಾರ ಪೂರ್ತಿ ಬೈಗುಳ. ಹೋದ್ರೆ ಇಲ್ಲಿ ಬಂದು ಕೂರೋಕೆ ಮನಸ್ಸು ಒಪ್ಪಲ್ಲ.”

“ಇಲ್ಲಮ್ಮ, ಪಾಪ ನಿನ್ನದಲ್ಲ” ಅಂದೆ. ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ಬೈಬಲ್ಲಿನ ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಸಬ್ಬತ್ತಿನ, ಅಂದರೆ ವಾರಕ್ಕೊಂದು ದಿನದ ಬಿಡುವಿನ ಆಜ್ಞೆ ಯಾರಿಗೆ ಕೊಟ್ಟದ್ದು ಅಂತ ಬಿಡಿಸಿ ಓದಬೇಕು. ನೀನು, ನಿನ್ನ ಮಗ, ಮಗಳು, ಆಳು, ಕೆಲಸದವಳು, ಎತ್ತು, ಕತ್ತೆ, ನಿನ್ನ ಊರಲ್ಲಿ ಬಂದು ನೆಲೆಸಿದ ಪರದೇಶಿ, ಯಾರೂ ಅವತ್ತು ದುಡಿಯಬಾರದು ಎಂದಿದೆ. ಆಳೂ ಎತ್ತೂ ಇರುವುದು ಯಾರಿಗೆ? ಯಜಮಾನನಿಗೆ. ಅಂದರೆ ಮಾತು ಯಜಮಾನನ ಜೊತೆಗೆ. ಕಾರಣವನ್ನೂ ಅಲ್ಲೇ ಕೊಟ್ಟಿದೆ: ನೀನೂ ಒಂದು ಕಾಲಕ್ಕೆ ಐಗುಪ್ತದಲ್ಲಿ ಗುಲಾಮನಾಗಿದ್ದೆ, ಮರೆಯಬೇಡ ಎಂದು. ಆ ಆಜ್ಞೆಯ ಹೊರೆಯನ್ನು ಕಾಲರ್ ಕೂರಿಸುವವಳ ತಲೆಗೆ ಹೊರಿಸಿ, ಫ್ಯಾಕ್ಟರಿ ಇಟ್ಟವನನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಬೋಧನೆಯನ್ನು ನಾನು ಸಾಕಷ್ಟು ಕೇಳಿದ್ದೇನೆ. ಪ್ರತಿ ಸಲವೂ ನೋವಾಗಿದೆ.

ಭಾನುವಾರದ ರಜೆ ಬ್ರಿಟಿಷರು ಚರ್ಚಿಗೆ ಹೋಗಲು ಮಾಡಿಕೊಂಡದ್ದು, ನಮಗೆ ಪುಕ್ಕಟೆ ಸಿಕ್ಕಿತು ಎಂಬ ಮಾತು ಚಾಲ್ತಿಯಲ್ಲಿದೆ. ಗಿರಣಿ ಕಾರ್ಮಿಕರಿಗೆ ಅದು ಪುಕ್ಕಟೆ ಸಿಗಲಿಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಗುದ್ದಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಲೋಖಂಡೆ ಕ್ರೈಸ್ತರಲ್ಲ, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ಭಾನುವಾರ ನಮ್ಮ ಖಂಡೋಬನ ವಾರ ಎಂಬುದೂ ಅವರ ವಾದದಲ್ಲಿತ್ತು. ಆಮೇಲೆ 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನ ದುಡಿಸಬಾರದು, ದುಡಿಸಿದರೆ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿ ರಜೆ ಕೊಡಬೇಕು ಎಂದು ಬರೆದಿಟ್ಟಿತು. ನನ್ನ ದೇವರು ಯಜಮಾನನಿಗೆ ಹೇಳಿದ್ದನ್ನು ಸತ್ಯಶೋಧಕರೊಬ್ಬರು ಗಿರಣಿಯಲ್ಲಿ ನಡೆಸಿ ತೋರಿಸಿದರು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ, ಸಂತೋಷವೇ.

ಐಗುಪ್ತದ ಮಾತು ಬಂತು. ವಿಮೋಚನಕಾಂಡದ ಐದನೆಯ ಅಧ್ಯಾಯವನ್ನು ಗಾರ್ಮೆಂಟ್ಸ್ ಹೆಂಗಸರ ಎದುರು ಓದಿದರೆ ವಿವರಣೆಯೇ ಬೇಡ. ಗುಲಾಮರಾದ ಇಸ್ರಾಯೇಲ್ಯರಿಗೆ ಇಟ್ಟಿಗೆಗೆ ಬೇಕಾದ ಹುಲ್ಲನ್ನು ಅಲ್ಲಿನ ಅರಸ ಫರೋಹ ಕೊಡುವುದಿಲ್ಲ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಒಂದೂ ಕಡಿಮೆ ಮಾಡುವುದಿಲ್ಲ. “ಟಾರ್ಗೆಟ್ಟು” ಎಂದು ಹಿಂದಿನಿಂದ ಯಾರೋ ಅಂದೇ ಅಂತಾರೆ. ಅಲ್ಲಿ ನನಗೆ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಲೆಕ್ಕ ಕಡಿಮೆ ಬಿದ್ದಾಗ ಏಟು ತಿಂದವರು ಇಸ್ರಾಯೇಲ್ಯರೊಳಗಿಂದಲೇ ಆರಿಸಿ ನಿಲ್ಲಿಸಿದ ಮೇಲ್ವಿಚಾರಕರು. ಪೀಣ್ಯದ ಸೂಪರ್‌ವೈಸರ್‌ಗಳೂ ಬಹುಪಾಲು ಇದೇ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಗಳ ಬಾಡಿಗೆ ಮನೆಯವರು. ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ ಎಲ್ಲೋ ಮೇಲೆ, ಎಷ್ಟೋ ಸಲ ಕಡಲಾಚೆ ತೀರ್ಮಾನವಾಗುತ್ತದೆ. ಅದು ಬೈಗುಳವಾಗಿ ಕೆಳಗಿಳಿಯುವುದು ಒಬ್ಬ ಬಡವನ ಬಾಯಿಂದ ಇನ್ನೊಬ್ಬ ಬಡವಳ ಕಿವಿಗೆ.

ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಜನರಿಗೆ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆ ಎಂದರು. ಟಿವಿಗಳಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಅದೇ 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿ 48 ಗಂಟೆ ಎಂದೇ ಇಟ್ಟುಕೊಂಡು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಂ (ಓಟಿ) ಮಿತಿ 145ಕ್ಕೆ ಏರಿತು. ಅದರ ಚರ್ಚೆ ಹೆಚ್ಚು ಕೇಳಲಿಲ್ಲ. ಕಾಲರ್ ಕೂರಿಸುವ ತಂಗಿ ನಾಲ್ಕೂವರೆಗೆ ಎದ್ದು ನೀರು ಹಿಡಿದು, ಮುದ್ದೆ ಕಟ್ಟಿ, ಮಕ್ಕಳ ಜಡೆ ಹಾಕಿ ಹೊರಡುತ್ತಾಳೆ. ಸಂಜೆ ಬಂದು ಪಾತ್ರೆ ತೊಳೆಯುತ್ತಾಳೆ. ಎಲ್ಲ ಕೂಡಿದರೆ ದೊಡ್ಡವರು ಹೇಳಿದ ಅಂಕಿಯನ್ನು ಅವಳು ಯಾವತ್ತೋ ದಾಟಿದ್ದಾಳೆ. ದೇಶ ಮುಂದೆ ಬರಲಿ ಎಂದು ಅವಳಿಗೆ ಇನ್ನೇನು ಹೇಳುವುದು?

ಕಾಯಕವೇ ಕೈಲಾಸ ಎಂದು ಎಷ್ಟೋ ಕಾರ್ಖಾನೆಗಳ ಗೋಡೆಯ ಮೇಲೆ ಬರೆಸಿರುತ್ತಾರೆ. ಬಸವಣ್ಣನ ಕಾಲದ ಶರಣರಲ್ಲಿ ನನಗೆ ತುಂಬ ಹತ್ತಿರದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುವುದು ಮಾರಯ್ಯನ ಕಾಯಕ. ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದ್ದು ಇಷ್ಟೇ, ಉಳಿದದ್ದನ್ನು ಇದ್ದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಕಾಯಕಕ್ಕೂ ಒಂದು ಅಳತೆ ಇದೆ, ಆ ಅಳತೆ ಹಿಡಿದವಳು ಮನೆಯ ಹೆಂಗಸು. ಗೋಡೆಗೆ ಬರೆಸುವವರು ಲಕ್ಕಮ್ಮನನ್ನು ಬಿಟ್ಟಿದ್ದಾರೆ. ನನ್ನ ಗ್ರಂಥದಲ್ಲೂ ಹೀಗೆ ಆಯ್ದು ಬದುಕಿದವಳೊಬ್ಬಳಿದ್ದಾಳೆ: ರೂತಳು. ಗಂಡ ಸತ್ತವಳು, ಪರದೇಶದವಳು, ಮುದಿ ಅತ್ತೆಯನ್ನು ಸಾಕಲು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯಲು ಹೋದಳು. ಹೊಲದ ಮೂಲೆಗಳನ್ನು ಪೂರಾ ಕೊಯ್ಯಬೇಡಿ, ಬಿದ್ದ ತೆನೆಯನ್ನು ಹೆಕ್ಕಬೇಡಿ, ಅದು ಬಡವನದು, ಪರದೇಶಿಯದು ಎಂಬ ನಿಯಮ ಯಾಜಕಕಾಂಡದಲ್ಲಿದೆ. ಆದ್ದರಿಂದ ಅವಳು ಭಿಕ್ಷೆ ಬೇಡಲಿಲ್ಲ, ತನ್ನ ಪಾಲಿಗೆ ತಾನೇ ಬಗ್ಗಿ ದುಡಿದಳು. ಹೊಲದವನು ಒಳ್ಳೆಯವನಾಗಿದ್ದ ನಿಜ. ಕೆಟ್ಟವನಾಗಿದ್ದರೂ ಮೂಲೆ ಅವಳದೇ.

ಈ ಪಾಲಿನ ಮಾತು ನಮ್ಮ ಬೀದಿಗೆ ಹೇಗೆ ಬಂತು ಎಂಬುದಕ್ಕೆ 417 ರೂಪಾಯಿಯ ಕಥೆ ಸಾಕು. 2020ರ ಏಪ್ರಿಲ್‌ನಿಂದ ಕನಿಷ್ಠ ಕೂಲಿಗೆ ಸೇರಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ. ಕೊರೊನಾ ಕಾಲ, ಒಂದು ವರ್ಷ ಮುಂದೂಡುತ್ತೇವೆ ಎಂದು ಸರ್ಕಾರ ಆದೇಶ ಹೊರಡಿಸಿತು. ಹೈಕೋರ್ಟು ತಡೆ ಕೊಟ್ಟ ಮೇಲೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಕಾರ್ಮಿಕ ಸಂಘಗಳು ಪಟ್ಟು ಹಿಡಿದು, ಹೊರದೇಶದ ಬ್ರ್ಯಾಂಡುಗಳ ಮೇಲೂ ಒತ್ತಡ ಬಿದ್ದ ಮೇಲೆ ಬಾಕಿ ಬರತೊಡಗಿತು. ದಿನಕ್ಕೆ ಹದಿನಾರು ಚಿಲ್ಲರೆ ರೂಪಾಯಿ ಏನು ದೊಡ್ಡದು ಎನ್ನುವವರಿಗೆ ಅದು ಒಂದು ಮನೆಯ ಹಾಲಿನ ಲೆಕ್ಕ ಎಂದು ಹೇಳಬೇಕಾಗುತ್ತದೆ. ಬಡವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡು ಎಂದು ಮೋಶೆಯ ಕಾನೂನು. ತಡೆಹಿಡಿದ ಕೂಲಿಯೇ ದೇವರ ಕಿವಿಗೆ ಕೇಳುವಂತೆ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ.

ಇದೇ ಹೆಂಗಸರು 2016ರಲ್ಲಿ ಬೆಂಗಳೂರನ್ನೇ ನಿಲ್ಲಿಸಿದ್ದರು. ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲು 58 ವಯಸ್ಸಾಗುವ ತನಕ ಕೈಗೆ ಬಾರದು ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ಬದಲಿಸಿತ್ತು. ಗಾರ್ಮೆಂಟ್ಸ್‌ನಲ್ಲಿ ಆ ವಯಸ್ಸಿನ ತನಕ ಮಿಷನ್ ಮುಂದೆ ಕೂರುವವರು ಯಾರು? ಬೆನ್ನು, ಕಣ್ಣು ಅಷ್ಟು ಕಾಲ ತಡೆಯುವುದಿಲ್ಲ. ಮಗಳ ಮದುವೆಗೆ, ಮಗನ ಫೀಸಿಗೆ, ಮನೆ ಲೀಸಿಗೆ ಅವರಿಗಿದ್ದ ಒಂದೇ ಗಂಟು ಅದು. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆ ಫ್ಯಾಕ್ಟರಿ ಬಿಟ್ಟು ಬೀದಿಗೆ ಬಂದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ ತುಂಬಿತು. ದೊಡ್ಡ ನಾಯಕರಿಲ್ಲ, ವೇದಿಕೆ ಇಲ್ಲ. ಲಾಠಿ ಬಿತ್ತು, ಅಶ್ರುವಾಯು ಹಾರಿತು, ಕೆಲವು ಕಡೆ ವಾಹನಗಳೂ ಸುಟ್ಟವು. ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಆ ಸಂಜೆಯೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು. ಎಲ್ಲ ರಾಜ್ಯಗಳ ಪಿಎಫ್ ಖಾತೆದಾರರಿಗೂ, ಐಟಿ ಕಂಪನಿಯವರಿಗೂ ಅದರ ಲಾಭ ಆಯಿತು.

ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಬಗ್ಗೆ ಬೈಯುವವರೇ ಹೆಚ್ಚು. ರಾಜಾಜಿನಗರದ ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಬೈಯುವ ಹಕ್ಕೂ ಇದೆ. ಆದರೆ ಅದರ ಏರ್ಪಾಡನ್ನು ನೋಡಿದರೆ ನನಗೆ ಅಪೊಸ್ತಲರ ಕೃತ್ಯಗಳಲ್ಲಿ ಓದಿದ, ಇದ್ದದ್ದನ್ನು ಹಂಚಿಕೊಂಡು ಬದುಕಿದ ಯೆರೂಸಲೇಮಿನ ಸಭೆ ನೆನಪಾಗುತ್ತದೆ. 14,000 ಸಂಬಳದವಳಿಂದ ತಿಂಗಳಿಗೆ 105 ರೂಪಾಯಿ, ಮಾಲೀಕರಿಂದ 455. ಕಾಯಿಲೆ ಇಲ್ಲದವರು ಕಟ್ಟಿದ್ದು ಕಾಯಿಲೆ ಬಿದ್ದವರಿಗೆ. ಅರ್ಹತೆ ಇದ್ದರೆ ಹಾಸಿಗೆ ಹಿಡಿದವಳಿಗೆ 91 ದಿನದ ತನಕ ಕೂಲಿಯ ನೂರಕ್ಕೆ 70 ಭಾಗ, ಬಾಣಂತಿಗೆ 26 ವಾರ. ಯಾರ ದಯೆಯೂ ಬೇಡ, ಯಾರ ಎದುರೂ ಕೈ ಮುಗಿಯಬೇಕಿಲ್ಲ. ಸಂಬಳ 21,000 ದಾಟಿದರೆ ಮಾತ್ರ ಈ ಬಾಗಿಲು ಮುಚ್ಚುತ್ತದೆ, 2017ರಲ್ಲಿ ಹಾಕಿದ ಗೆರೆ ಅದು. ಬೆಂಗಳೂರಲ್ಲಿ 21,000 ಯಾವ ಶ್ರೀಮಂತಿಕೆ?

ಈ ಹೆಂಗಸರ ಮಕ್ಕಳು ಈಗ ಬೈಕಿನಲ್ಲಿ ಊಟ, ದಿನಸಿ ಹೊತ್ತು ಓಡಾಡುತ್ತಾರೆ. ಅವರಿಗೆ ಗೇಟಿಲ್ಲ, ಕಾರ್ಡಿಲ್ಲ, ತಾಯಿಗಿದ್ದ ಇಎಸ್‌ಐಯೂ ಇಲ್ಲ. ಭಾನುವಾರವೇ ಆರ್ಡರ್ ಹೆಚ್ಚು, ಇನ್ಸೆಂಟಿವ್ ಹೆಚ್ಚು. 2025ರಲ್ಲಿ ಕರ್ನಾಟಕ ಇಂಥವರಿಗಾಗಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ನೂರಕ್ಕೆ ಒಂದರಿಂದ ಐದರಷ್ಟು ಕಲ್ಯಾಣ ಶುಲ್ಕ ಕಂಪನಿಗಳಿಂದ ವಸೂಲಾಗಬೇಕು. ಇದನ್ನು ನಾನು ಹೊಲದ ಮೂಲೆಯ ಕಾನೂನಿನ ಸಾಲಿಗೇ ಸೇರಿಸುತ್ತೇನೆ.

ಹೆಂಗಸರಿಗೆ ಬಸ್ಸು ಉಚಿತವಾದಾಗ, ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ, ನಮ್ಮ ತೆರಿಗೆ ದುಡ್ಡು ಸೋಮಾರಿಗಳಿಗೆ ಹೋಯಿತು ಎಂದು ವಿಶ್ವಾಸಿಗಳೇ ಗೊಣಗಿದ್ದನ್ನು ಕೇಳಿದ್ದೇನೆ. ಅಂಥವರಿಗೆ ಮತ್ತಾಯನ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷಿ ತೋಟ ನೆನಪಿಸುತ್ತೇನೆ. ಬೆಳಗಿನಿಂದ ದುಡಿದವರಿಗೂ ಸಂಜೆ ಒಂದು ತಾಸು ದುಡಿದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಮೊದಲಿನವರು ಗೊಣಗಿದರು. ಸಂಜೆಯವರು ಸೋಮಾರಿಗಳಾಗಿರಲಿಲ್ಲ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದಷ್ಟೇ ಹೇಳಿದ್ದರು. ಗಾರೆ ಕೆಲಸಕ್ಕೆ ಕರೆಯುವವರಿಲ್ಲದೆ ಹತ್ತು ಗಂಟೆಗೆ ಸರ್ಕಲ್‌ನಿಂದ ಬುತ್ತಿ ಸಮೇತ ವಾಪಸ್ ಹೋಗುವವರನ್ನು ನೋಡಿದವರಿಗೆ ಈ ಮಾತು ಗೊತ್ತು. ಒಂದು ದಿನದ ಕೂಲಿ ಎಂದರೆ ಒಂದು ಮನೆಯ ಒಂದು ದಿನದ ಹಿಟ್ಟು. ಅರ್ಧ ಕೂಲಿ ಕೊಟ್ಟರೆ ಮಕ್ಕಳ ಹೊಟ್ಟೆ ಅರ್ಧ ಹಸಿಯುವುದಿಲ್ಲ.

ನಮ್ಮ ಸಭೆಗಳ ವಿಷಯಕ್ಕೇ ಬರುತ್ತೇನೆ. ದಶಾಂಶ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲು ಕೊಡಿ ಎನ್ನುವಾಗ ಮಲಾಕಿಯ ಮೂರನೆಯ ಅಧ್ಯಾಯದ ಹತ್ತನೆಯ ವಚನ ಓದುತ್ತೇವೆ. ಅದೇ ಅಧ್ಯಾಯದ ಐದನೆಯ ವಚನದಲ್ಲಿ, ಕೂಲಿಯವನ ಕೂಲಿಯನ್ನು ನುಂಗುವವರಿಗೆ, ವಿಧವೆಯನ್ನೂ ತಬ್ಬಲಿಯನ್ನೂ ಹಿಂಸಿಸುವವರಿಗೆ ವಿರೋಧವಾಗಿ ದೇವರೇ ಸಾಕ್ಷಿ ನಿಲ್ಲುತ್ತಾನೆ. ಐದು ವಚನ ಹಿಂದಕ್ಕೆ ಹೋದರೆ ಸಾಕಿತ್ತು. ಮೂರು ವರ್ಷಕ್ಕೊಮ್ಮೆ ದಶಾಂಶವನ್ನು ಊರೊಳಗೇ ಇಟ್ಟು, ಸ್ವಂತ ನೆಲವಿಲ್ಲದ ಲೇವಿ, ಪರದೇಶಿ, ತಬ್ಬಲಿ, ವಿಧವೆ ಉಂಡು ತೃಪ್ತರಾಗಲಿ ಎಂಬ ನಿಯಮವನ್ನೂ ಧರ್ಮೋಪದೇಶಕಾಂಡ ಹೇಳುತ್ತದೆ. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಕಾರ್ಮಿಕರ ಪರವಾಗಿ ಬರೆದ ಪತ್ರದ ಕಾರಣಕ್ಕೇ ಮುಖ್ಯವಾಗಿ 2025ರಲ್ಲಿ ಆಯ್ಕೆಯಾದ ಪೋಪರು ಅದೇ ಹೆಸರು ಇಟ್ಟುಕೊಂಡರು. ನಮ್ಮದು ಕ್ಯಾಥೋಲಿಕ್ ಸಭೆ ಅಲ್ಲ. ಆದರೂ ಕಲಿಯಲು ಅಡ್ಡಿಯೇನು?

ಹಾಗಾಗಿ ಸಭೆಯ ಹಿರಿಯರ ಮುಂದೆ ಎರಡು ಬೇಡಿಕೆ ಇಟ್ಟಿದ್ದೇನೆ. ಶಿಪ್‌ಮೆಂಟ್ ವಾರ ಓಟಿಗೆ ಹೋದವರಿಗಾಗಿ ಭಾನುವಾರ ರಾತ್ರಿ ಎಂಟಕ್ಕೆ ಇನ್ನೊಂದು ಆರಾಧನೆ ಇಡಬೇಕು, ಬರಲಿಲ್ಲ ಎಂದು ಯಾರನ್ನೂ ಎಬ್ಬಿಸಿ ಕೇಳಬಾರದು. ಇನ್ನೊಂದು, ಕಾಣಿಕೆ ದುಡ್ಡಿನಲ್ಲಿ ಒಂದು ಕಂಪ್ಯೂಟರ್ ಕೊಂಡು ಹಾಲ್‌ನ ಮೂಲೆಯಲ್ಲಿ ಇಡಬೇಕು. ಆಧಾರ್‌ನಲ್ಲಿ ಒಂದು ಹೆಸರು, ಫ್ಯಾಕ್ಟರಿ ದಾಖಲೆಯಲ್ಲಿ ಇನ್ನೊಂದು ಇನಿಷಿಯಲ್ ಇರುವುದರಿಂದ ಪಿಎಫ್ ಅರ್ಜಿ ವಾಪಸ್ ಬರುವ ಹೆಂಗಸರು ನಮ್ಮಲ್ಲೇ ಎಷ್ಟೋ ಜನರಿದ್ದಾರೆ. ಸೈಬರ್ ಸೆಂಟರಿನವರಿಗೆ ಸುರಿಯುವ ದುಡ್ಡು ಉಳಿಯಲಿ. ಹಿರಿಯರು ಕಂಪ್ಯೂಟರಿಗೆ ಒಪ್ಪಿದ್ದಾರೆ. ರಾತ್ರಿಯ ಆರಾಧನೆಯ ಮಾತು ಇನ್ನೂ ನಡೆಯುತ್ತಿದೆ.