ನುಂಗಬೇಡಿ, ಮಾತಾಡಬೇಡಿ

ಅದನ್ನು ಮೊದಲು ಕಂಡವನು ಬಸವೇಶ್ವರನಗರದ ನಮ್ಮ ಸಲೂನಿನ ಹುಡುಗ. "ಅಣ್ಣಾ, ಇಲ್ಲೇನೋ ಗಂಟಿದೆ" ಅಂದ. ಬಲಗಿವಿಯ ಕೆಳಗೆ, ನೆಲ್ಲಿಕಾಯಿಯಷ್ಟು. ನೋವಿಲ್ಲ. ಎರಡು ಕೋರ್ಸ್ ಆಂಟಿಬಯಾಟಿಕ್ ನುಂಗಿದರೂ ಕರಗಲಿಲ್ಲ. ರಾತ್ರಿ ಗೂಗಲ್ ಮಾಡಿದರೆ ಕಣ್ಣಿಗೆ ಬೀಳೋದು ಎರಡೇ: ಟಿಬಿ, ಇಲ್ಲಾ ಲಿಂಫೋಮಾ. ಟಿಬಿನೇ ಆಗಿರಲಪ್ಪಾ ಅಂತ ದೇವರಿಗೆ ಕೈಮುಗಿದೆ, ನಗಬೇಡಿ.

ಡಾಕ್ಟರು ಎಫ್‌ಎನ್‌ಎಸಿ ಬರೆದುಕೊಟ್ಟರು. ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಒಳಗಿನ ಜೀವಕೋಶಗಳನ್ನು ಎಳೆದು ನೋಡೋ ಪರೀಕ್ಷೆ. ರಾಜಾಜಿನಗರದ ಲ್ಯಾಬಿನಲ್ಲಿ ಮಲಗಿಸಿ ಕತ್ತು ವಾಲಿಸಿದರು. ಮೇಡಂ ಗಂಟನ್ನು ಎರಡು ಬೆರಳಲ್ಲಿ ಹಿಡಿದು "ನುಂಗಬೇಡಿ, ಮಾತಾಡಬೇಡಿ" ಅಂದ್ರು. ಅಲ್ಲಿವರೆಗೂ ಇಲ್ಲದ ಎಂಜಲು ಬಾಯ್ತುಂಬ! ಸೂಜಿ ಒಳಗೇ ಹಿಂದೆ ಮುಂದೆ ಆಡಿತು, ಹತ್ತು ಸೆಕೆಂಡ್ ಇರಬಹುದು. ಬಂದದ್ದು ಹಳದಿ ಕೀವಿನಂಥದ್ದು. ಸ್ವಲ್ಪ ಗಾಜಿನ ಸ್ಲೈಡಿಗೆ ಸವರಿ, "ಉಳಿದಿದ್ದು ಸೀಬಿನ್ಯಾಟ್‌ಗೆ" ಅಂದ್ರು.

ಅದು ಯಾಕೆ ಅಂತ ಆಮೇಲೆ ತಿಳೀತು. ಸ್ಲೈಡಿನಲ್ಲಿ ಗ್ರಾನುಲೋಮಾ, ಸತ್ತ ಅಂಗಾಂಶ ಕಂಡರೆ ಟಿಬಿ ಅನುಮಾನ ಬಲವಾಗುತ್ತದೆ. ಆದರೆ ಗಂಟಿನಲ್ಲಿ ರೋಗಾಣು ಕಡಿಮೆ, ಬಣ್ಣ ಹಾಕಿ ಹುಡುಕಿದರೂ ಎಷ್ಟೋ ಸಲ ಸಿಗೋದಿಲ್ಲ. ಸೀಬಿನ್ಯಾಟ್ ಹುಡುಕುವುದು ಅದರ ಡಿಎನ್ಎಯನ್ನು. ರಿಫಾಂಪಿಸಿನ್‌ಗೆ ಬಗ್ಗುವ ಟಿಬಿಯೋ ಅಲ್ಲವೋ ಅನ್ನುವುದನ್ನೂ ಹೇಳುತ್ತದೆ. ಎಲ್ಲರೂ ತಾವಾಗೇ ಕಳಿಸುವುದಿಲ್ಲ. ಸೂಜಿ ಹಾಕುವ ಮೊದಲೇ ಕೇಳಿಬಿಡಿ.

ಟಿಬಿನೇ. ಬಗ್ಗುವಂಥದ್ದೇ. ಕುಣಿಯುತ್ತಾ ಮನೆಗೆ ಬಂದರೆ ಅಮ್ಮ ಬಾಗಿಲು ಹಾಕಿ, "ಯಾರ ಹತ್ರಾನೂ ಬಾಯಿ ಬಿಡಬೇಡ, ತಂಗಿಗೆ ಗಂಡು ನೋಡ್ತಿದೀವಿ" ಅಂದಳು. ನನ್ನ ಲೋಟ ಬೇರೆ ಆಯ್ತು. ಎಕ್ಸ್‌ರೇ ತೋರಿಸಿದೆ: ಶ್ವಾಸಕೋಶದಲ್ಲಿ ಏನೂ ಇಲ್ಲ, ಬರೀ ಗಂಟಿನ ಟಿಬಿ ಉಸಿರಿನಿಂದ ಹರಡೋದಿಲ್ಲಮ್ಮಾ. ಲೋಟ ವಾಪಸ್ ಬರಲಿಲ್ಲ. ಅಜ್ಜಿ ಮಾತ್ರ ಮುಟ್ಟಿ ನೋಡಿ, "ಗಂಡಮಾಲೆ ಕಣೋ, ನಮ್ಮೂರಲ್ಲೂ ಇತ್ತು" ಅಂತ ಕಾಫಿ ತಂದುಕೊಟ್ಟಳು, ತನ್ನದೇ ಲೋಟದಲ್ಲಿ.

ಮಾತ್ರೆ ಆರು ತಿಂಗಳು. ಮೊದಲ ದಿನ ಕಿತ್ತಳೆ ಬಣ್ಣದ ಮೂತ್ರ ನೋಡಿ ಎದೆ ಧಸಕ್ಕೆಂದಿತು. ಅದು ರಿಫಾಂಪಿಸಿನ್ ಬಣ್ಣವಂತೆ. ಎರಡನೇ ತಿಂಗಳು ಗಂಟು ಇನ್ನಷ್ಟು ಊದಿತು, ಅದೂ ಕೆಲವರಿಗೆ ಆಗುತ್ತದಂತೆ. ಆಮೇಲೆ ಇಳೀತು.

ಮೊನ್ನೆ ಸಲೂನಿನ ಹುಡುಗ "ಅಣ್ಣಾ, ಅದೇನಾಯ್ತು?" ಅಂದ. ಮನೆಯಾಚೆ ಮೊದಲ ಸಲ ಬಾಯಿಬಿಟ್ಟೆ: ಟಿಬಿ. ಕತ್ತರಿ ನಿಂತಿತು. "ನಮ್ಮಕ್ಕಂಗೂ ಇಲ್ಲೇ ಒಂದಿದೆ ಅಣ್ಣಾ, ಯಾರಿಗೂ ಹೇಳಿಲ್ಲ."

ಸರ್ಕಾರಿ ಆಸ್ಪತ್ರೇಲಿ ಟಿಬಿ ಟೆಸ್ಟಿಗೂ ಮಾತ್ರೆಗೂ ದುಡ್ಡಿಲ್ಲ, ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಖಾತೆಗೇ ಹಾಕ್ತಾರೆ, ನಾಳೇನೇ ಕರ್ಕೊಂಡು ಹೋಗು ಅಂದೆ. ಅವನು ಕೇಳಿದ್ದು ಒಂದೇ. "ಸೂಜಿ ತುಂಬಾ ನೋಯುತ್ತಾ ಅಣ್ಣಾ?"